ಖಾಲಿ ಮತ್ತೆ ಕೇಳಿಸಿತು: ಶ್ರವಣ ಸಾಧನದ ಸಂಗೀತ ಪ್ರೋಗ್ರಾಂ, ಒಂದು ವರ್ಷದ ಬಳಕೆಯ ನಂತರ

ಕಾರವಾರದ ಬೈತಖೋಲ್ ಬಂದರಿನಲ್ಲಿ ಮೂವತ್ತೊಂದು ವರ್ಷ ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡಿದವನು ನಾನು. ಕಿವಿಗೆ ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಎಂಜಿನ್ನಿನ ಕಾಯಿಲೆಯನ್ನು ಕಿವಿಯಿಂದಲೇ ಪತ್ತೆ ಮಾಡಬೇಕು ಎಂಬುದು ನಮ್ಮ ಗುರುವಿನ ಪಾಠ, ಹಾಗಾಗಿ ಕಿವಿ ಮುಚ್ಚುವ ಯೋಚನೆಯೇ ಬರಲಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ ಎಂಬ ಲೆಕ್ಕ ನನಗೆ ತಿಳಿದದ್ದು ಕಿವಿ ಹೋದ ಮೇಲೆ.

ಸಂಜೆ ಮನೆಗೆ ಬಂದರೆ ಸಂಗೀತ. ತಂದೆಯ ಕಾಲದಿಂದಲೂ ನಮ್ಮ ಮನೆಯಲ್ಲಿ ಭಜನಾ ಸಪ್ತಾಹಕ್ಕೆ ತಬಲಾ ನುಡಿಸುವ ರೂಢಿಯಿದೆ, ನಾನೂ ನುಡಿಸಿದ್ದೇನೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಈ ಮೂವರ ಕ್ಯಾಸೆಟ್ಟುಗಳು ಒಂದು ಕಾಲದಲ್ಲಿ ನಮ್ಮ ಕಪಾಟಿನ ಎರಡು ಅಂಕಣ ತುಂಬಿದ್ದವು. ಈಗ ಎಲ್ಲವೂ ಒಂದು ಪೆನ್‌ಡ್ರೈವ್‌ನಲ್ಲಿವೆ.

ಕಿವಿ ಕೆಡುತ್ತಿದೆ ಎಂದು ನನಗೆ ಹೇಳಿದ್ದು ಮನೆಯವರಲ್ಲ, ತೀನ್‌ತಾಲ. ತಬಲಾ ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹದಿನಾರು ಮಾತ್ರೆಯ, ಅಂದರೆ ಹದಿನಾರು ಎಣಿಕೆಯ, ಈ ತಾಳದ ಠೇಕಾದಲ್ಲಿ (ತಬಲಾದ ಮೂಲ ನುಡಿತದಲ್ಲಿ) ಒಂಬತ್ತನೆಯದು ಖಾಲಿ. ಅದರ ನಂತರದ ‘ತಿನ್ ತಿನ್ ತಾ ತಾ’ ನಾಲ್ಕು ಮಾತ್ರೆಗಳಲ್ಲಿ ಎಡಗೈಯ ತಗ್ಗು ನಾದದ ಡಗ್ಗಾ ಸುಮ್ಮನಿರುತ್ತದೆ, ಬಲಗೈಯ ಅಂಚಿನ ನಾದ ಮಾತ್ರ ಉಳಿಯುತ್ತದೆ. ನನಗೆ ಆ ನಾಲ್ಕು ಮಾತ್ರೆಗಳು ಪಕ್ಕದ ಮನೆಯಲ್ಲಿ ಯಾರೋ ಹಲಗೆಯ ಮೇಲೆ ಬೆರಳು ತಟ್ಟಿದಷ್ಟು ಮಸುಕಾದವು. ‘ಧಾ’ ಎಂಬುದು ಬಲಗೈಯ ‘ನಾ’ ಮತ್ತು ಎಡಗೈಯ ‘ಗೆ’ ಎರಡೂ ಒಟ್ಟಿಗೆ ಬಿದ್ದಾಗ ಹುಟ್ಟುವ ಬೋಲು. ನನಗೆ ಅದರಲ್ಲಿ ‘ಗೆ’ ಮಾತ್ರ ಬರುತ್ತಿತ್ತು. ಖಾಲಿ ನಿಜವಾಗಿಯೂ ಖಾಲಿಯಾಯಿತು. ಸಮ್, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿದೆ ಎಂದು ಬೆರಳು ಮಡಿಸಿ ಎಣಿಸಬೇಕಾದ ದಿನ ನಾನು ಹಾಡು ನಿಲ್ಲಿಸಿ ಹೊರಗೆ ಹೋಗಿ ಕುಳಿತೆ.

ಪರೀಕ್ಷೆ ಮಾಡಿಸಿದೆ. ಶ್ರವಣ ನಕ್ಷೆಯಲ್ಲಿ 250 ಮತ್ತು 500 ಹರ್ಟ್ಸ್‌ನಲ್ಲಿ ನನ್ನ ಕಿವಿ ಹೆಚ್ಚು ಕಡಿಮೆ ಚೆನ್ನಾಗಿಯೇ ಇದೆ. 2,000ದಿಂದ ಗೆರೆ ಜಾರುತ್ತದೆ, 4,000ದಲ್ಲಿ ಎಡಗಿವಿ 70 ಡೆಸಿಬೆಲ್‌ಗೆ ಇಳಿದು (ಈ ನಕ್ಷೆಯಲ್ಲಿ ಡೆಸಿಬೆಲ್ ಹೆಚ್ಚಿದಷ್ಟೂ ಕಿವಿ ಮಂದ), 8,000ದಲ್ಲಿ ಸ್ವಲ್ಪ ಮೇಲೆ ಬರುತ್ತದೆ. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಈ 4,000ದ ಗುಂಡಿ ಎಂದರು ಪರೀಕ್ಷೆ ಮಾಡಿದವರು.

ಸಾಧನ ಕೊಂಡದ್ದು ಬೇರೊಂದು ಊರಿನ ಅಂಗಡಿಯಲ್ಲಿ. ಕಿವಿಯ ಹಿಂದೆ ಕೂರುವ, ತೆಳ್ಳನೆಯ ತಂತಿಯ ತುದಿಯಲ್ಲಿ ಪುಟ್ಟ ರಿಸೀವರ್ (ಕಿವಿಯೊಳಗೆ ಸದ್ದು ಬಿಡುವ ಸ್ಪೀಕರ್) ಇರುವ ಜೋಡಿ. ಬೆಲೆ 92,000 ರೂಪಾಯಿ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ ಎಂಬುದನ್ನು ಬಿಲ್ಲು ನೋಡುವಾಗ ನೆನಪಿಡಿ. ಅಂಗಡಿಯವರು ಕಂಪ್ಯೂಟರಿಗೆ ಜೋಡಿಸಿ, ಒಂದು ಗುಂಡಿ ಒತ್ತಿ, ಇಪ್ಪತ್ತು ನಿಮಿಷದಲ್ಲಿ ಕಳುಹಿಸಿದರು. ಮಾತು ಚೆನ್ನಾಗಿ ಕೇಳಿಸಿತು. ಹೆಂಡತಿ ಅಡುಗೆಮನೆಯಿಂದ ಕರೆದದ್ದು ಕೇಳಿಸಿತು, ಬಸ್ಸಿನ ಕಂಡಕ್ಟರ್ ಹೇಳಿದ್ದು ಕೇಳಿಸಿತು.

ಆ ಸಂಜೆ ಗಂಗೂಬಾಯಿಯವರ ಮಾರವಾ ರಾಗ ಹಾಕಿದೆ. ತಂಬೂರಿ ಶುರುವಾಗಿ ನಾಲ್ಕೈದು ಸೆಕೆಂಡಿನಲ್ಲಿ ತಾನಾಗಿಯೇ ಕುಗ್ಗಿಹೋಯಿತು. ಅವರು ಸ್ವರ ಹಿಡಿದು ನಿಂತರೆ ಆ ಸ್ವರ ನೀರೊಳಗಿನ ಬಿಂಬದಂತೆ ನಡುಗಿತು. ಹಾರ್ಮೋನಿಯಮ್ಮಿನ ಹಿಂದೆ ಇನ್ನೊಂದು ಸಣ್ಣ ಅಪಸ್ವರ ಸೇರಿಕೊಂಡು ಕೀರಲು ಹಾಡಿತು. ಇಷ್ಟು ಹಣ ಕೊಟ್ಟು ನನ್ನ ಗಂಗೂಬಾಯಿಯವರನ್ನು ಕಳೆದುಕೊಂಡೆನಲ್ಲ ಎಂದು ಎದೆ ಹಿಂಡಿತು. ಎರಡು ತಿಂಗಳು ಹಾಡು ಕೇಳುವಾಗ ಸಾಧನವನ್ನು ತೆಗೆದು ಡಬ್ಬಿಯಲ್ಲಿ ಇಡುತ್ತಿದ್ದೆ. ನನ್ನಂತೆ ಡಬ್ಬಿಯಲ್ಲಿ ಇಟ್ಟವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇರಬೇಕು. ಈ ವಿಮರ್ಶೆ ಮುಖ್ಯವಾಗಿ ಅವರಿಗಾಗಿ.

ಕೆಟ್ಟದ್ದು ಯಂತ್ರವಲ್ಲ. ಅದನ್ನು ಮಾತಿಗಾಗಿ ಹೊಂದಿಸಿದ್ದರು, ಅಷ್ಟೇ. ಇದನ್ನು ನನಗೆ ಬಿಡಿಸಿ ಹೇಳಿದವರು ಹುಬ್ಬಳ್ಳಿಯ ಒಬ್ಬ ಯುವ ಶ್ರವಣ ತಜ್ಞೆ. ಅರಬೈಲ್ ಘಟ್ಟ ಹತ್ತಿ ನಾಲ್ಕು ಗಂಟೆಗೂ ಮೇಲೆ ಬಸ್ಸಿನಲ್ಲಿ ಕುಳಿತು ಅವರಲ್ಲಿಗೆ ಮೂರು ಸಲ ಹೋಗಿದ್ದೇನೆ. ಮೂರೂ ಸಲ ಸಾರ್ಥಕವಾಯಿತು.

ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಸಾಧನದಲ್ಲಿ ಸಿಳ್ಳೆ ತಡೆಯುವ ಒಂದು ವ್ಯವಸ್ಥೆ ಇರುತ್ತದೆ. ಒಂದೇ ಎತ್ತರದ ನಾದ ನಿಂತು ಬಂದರೆ, ಇದು ನನ್ನದೇ ಸಿಳ್ಳೆ ಎಂದು ತಿಳಿದು ಅದು ಎದುರು ನಾದ ಹಾಕಿ ಅಳಿಸಲು ನೋಡುತ್ತದೆ. ತಂಬೂರಿ, ಕೊಳಲು, ನಿಂತ ಷಡ್ಜ ಎಲ್ಲವೂ ಅದಕ್ಕೆ ಸಿಳ್ಳೆಯೇ. ಇನ್ನೊಂದು, ಗದ್ದಲ ತಗ್ಗಿಸುವ ವ್ಯವಸ್ಥೆ. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಅದಕ್ಕೆ ಫ್ಯಾನಿನ ಸದ್ದು. ತಂಬೂರಿ ಕುಗ್ಗಿದ್ದು ಇದರಿಂದ. ಮೂರನೆಯದು, 4,000ದ ಮೇಲಿನ ಸದ್ದನ್ನು ಎತ್ತಿ ಕೆಳಗಿನ ಜಾಗಕ್ಕೆ ತಂದು ಕೂರಿಸುವುದು. ಮಾತಿನ ‘ಸ’ಕಾರ ‘ಶ’ಕಾರ ತಿಳಿಯಲು ಅದು ಒಳ್ಳೆಯದೇ. ಆದರೆ ಸಂಗೀತದಲ್ಲಿ ಸ್ವರದ ಮೇಲಿನ ಅಂಶಗಳು ತಮ್ಮ ಸ್ಥಾನ ಬಿಟ್ಟು ಕದಲಿದರೆ ಅದೇ ಅಪಸ್ವರ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಬೇಗ ಅರ್ಥವಾಯಿತು, ಏಕೆಂದರೆ ಅದು ಎಂಜಿನ್ನಿನ ಗವರ್ನರ್. ಭಾರ ಹೆಚ್ಚಿದರೆ ಇಂಧನ ಹೆಚ್ಚು, ಕಡಿಮೆಯಾದರೆ ಕಡಿಮೆ, ವೇಗ ಮಾತ್ರ ಒಂದೇ. ಸಾಧನವೂ ಹಾಗೆಯೇ ಮೆಲ್ಲನೆಯ ಸದ್ದನ್ನು ಏರಿಸಿ, ಜೋರಿನದನ್ನು ಅಷ್ಟಾಗಿ ಏರಿಸದೆ, ಎಲ್ಲವನ್ನೂ ಹತ್ತಿರ ಹತ್ತಿರ ತರುತ್ತದೆ. ನನ್ನಂಥ ಕಿವಿಗೆ ಇದು ಬೇಕು; ಮೆಲ್ಲನೆಯದು ಕೇಳುವುದಿಲ್ಲ, ಜೋರಿನದು ಮಾತ್ರ ಎಲ್ಲರಿಗಿಂತ ಮೊದಲು ಚುಚ್ಚುತ್ತದೆ. ಆದರೆ ಗವರ್ನರ್ ಬಿಗಿಯಾದರೆ ಆಲಾಪದ ಪಿಸುಮಾತಿಗೂ ತಾನಿನ (ವೇಗದ ಸ್ವರಸರಣಿಯ) ಅಬ್ಬರಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಅವರು ಸಂಗೀತಕ್ಕೆಂದೇ ಬೇರೆಯದೊಂದು ಪ್ರೋಗ್ರಾಂ, ಅಂದರೆ ಹೊಂದಿಕೆಗಳ ಒಂದು ಕಟ್ಟು, ಕಟ್ಟಿದರು. ಸಿಳ್ಳೆ ತಡೆಯನ್ನು ಅತಿ ಕಡಿಮೆಗೆ ಇಳಿಸಿದರು. ಗದ್ದಲ ತಗ್ಗಿಸುವುದನ್ನೂ ಸ್ಥಾನ ಬದಲಿಸುವುದನ್ನೂ ಪೂರ್ತಿ ನಿಲ್ಲಿಸಿದರು. ಎದುರಿನ ಸದ್ದನ್ನಷ್ಟೇ ಹಿಡಿಯುವ ಮೈಕನ್ನು ಎಲ್ಲ ದಿಕ್ಕಿಗೂ ತೆರೆದರು, ಗವರ್ನರ್ ಸಡಿಲಿಸಿದರು. ಎರಡನೆಯ ಸಲ ಹೋದಾಗ ನಾನು ಪೆನ್‌ಡ್ರೈವ್ ಮತ್ತು ಒಂದು ಸಣ್ಣ ಸ್ಪೀಕರ್ ಒಯ್ದೆ. ಬರಿಯ ತೀನ್‌ತಾಲದ ಠೇಕಾ ಹಾಕಿ, ಖಾಲಿಯ ನಾಲ್ಕು ಮಾತ್ರೆಗಳು ಉಳಿದ ಹನ್ನೆರಡರ ಜೊತೆ ಒಂದೇ ಕೈಯಿಂದ ಬಂದಂತೆ ಕೇಳುವ ತನಕ ಹೊಂದಿಸೋಣ ಎಂದೆ. ಅವರು ಒಂದೂವರೆ ಗಂಟೆ ಕೂತರು. ‘ನಾ’ ಚುರುಕಾಯಿತು ಎಂದಾಗ ತುಸು ಇಳಿಸಿದರು, ಮಸುಕಾಯಿತು ಎಂದಾಗ ಏರಿಸಿದರು. ಟ್ಯಾಪೆಟ್ ಹೊಂದಿಸುವಾಗ ನಾನು ಮಾಡುತ್ತಿದ್ದುದೂ ಇದನ್ನೇ. ಅವರ ಬೆರಳುಗಳಲ್ಲಿ ಆ ತಾಳ್ಮೆ ಕಂಡು ನನಗೆ ಗೌರವ ಹುಟ್ಟಿತು.

ಮನೆಗೆ ಬಂದು ಅದೇ ಮಾರವಾ ಹಾಕಿದೆ. ತಂಬೂರಿ ಕೊನೆಯವರೆಗೂ ಇತ್ತು. ಅದರ ಕುದುರೆಯ (ತಂತಿಗಳು ಹಾಯುವ ಸೇತುವೆಯ) ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ನೂಲನ್ನು ‘ಜೀವಾ’ ಎನ್ನುತ್ತಾರೆ. ಆ ನೂಲು ಸರಿಯಾದ ಜಾಗದಲ್ಲಿ ಕೂತಾಗಲೇ ಮೇಲಿನ ಸ್ವರಾಂಶಗಳು ಎದ್ದು ಝೇಂಕಾರವಾಗುವುದು. ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ, ಅಂದರೆ ಕಪ್ಪು ಒಂದರ, ಷಡ್ಜ ಸುಮಾರು 139 ಹರ್ಟ್ಸ್, ಅದರ ಇಪ್ಪತ್ತೊಂಬತ್ತನೆಯ ಅಂಶಕ್ಕೆ (ಇಪ್ಪತ್ತೊಂಬತ್ತು ಪಟ್ಟು ಹರ್ಟ್ಸ್‌ಗೆ) 4,000 ದಾಟುತ್ತದೆ. ಅಂದರೆ ಆ ಝೇಂಕಾರದ ತುದಿ ನನ್ನ ಗುಂಡಿಯೊಳಗೇ ಬಿದ್ದಿತ್ತು. ಇಷ್ಟು ವರ್ಷ ನಾನು ಕೇಳುತ್ತಿದ್ದದ್ದು ನೂಲಿಲ್ಲದ ತಂಬೂರಿ.

ಇನ್ನೊಂದು ಸಂಗತಿ ಬರೆಯದೆ ಇರಲಾರೆ. ಗಂಗೂಬಾಯಿಯವರ ದನಿ ಮೊದಲು ತೆಳುವಾಗಿತ್ತು. ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಬಂದ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಅದು ಸಿಗುತ್ತದೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಭೀರವಾಗಿ ತಗ್ಗಿತು. ನನ್ನ ಕಿವಿಯಲ್ಲಿ ಉಳಿದದ್ದು ಆ ತಗ್ಗು ದನಿಯೇ, ಹಾಗಾಗಿ ಅವರನ್ನು ಪೂರ್ತಿ ಕೇಳುತ್ತಿದ್ದೇನೆ ಎಂದೇ ನಂಬಿದ್ದೆ. ಆದರೆ ಅವರ ಹಿಂದೆ ಮಗಳು ಕೃಷ್ಣಾ ಹಾನಗಲ್ ಹಾಡುತ್ತಿದ್ದರಲ್ಲ, ಆ ತೆಳುವಾದ ದನಿ ಯಾವಾಗ ನನ್ನಿಂದ ದೂರವಾಯಿತೋ ಗೊತ್ತೇ ಆಗಿರಲಿಲ್ಲ. ಅಂದು ತಾಯಿ ಬಿಟ್ಟ ಸ್ವರವನ್ನು ಮಗಳು ಎತ್ತಿಕೊಂಡದ್ದು ಕೇಳಿಸಿತು. ನಾನು ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

ಇನ್ನು, ಯಾವುದರಲ್ಲಿ ಕೇಳಬೇಕು? ಮೊಬೈಲಿನಿಂದ ಬ್ಲೂಟೂತ್ ಮೂಲಕ ನೇರವಾಗಿ ಕಿವಿಗೆ ಹಾಡು ಬರುತ್ತದೆ ಎಂದು ಮಾರುವವರು ಮೊದಲು ಹೇಳುವುದು ಅದನ್ನೇ. ನನಗೆ ಅದು ಎರಡನೆಯ ದರ್ಜೆ. ನನ್ನ ಕಿವಿಯೊಳಗೆ ಕೂರುವ ರಬ್ಬರ್ ಟೋಪಿಯಲ್ಲಿ ತೂತುಗಳಿವೆ. ತಗ್ಗಿನ ಸ್ವರ ನನಗೆ ಸಹಜವಾಗಿಯೇ ಕೇಳುವುದರಿಂದ ಹಾಗೆ ಇಟ್ಟಿದ್ದಾರೆ. ಬ್ಲೂಟೂತ್‌ನಲ್ಲಿ ಬಂದ ಡಗ್ಗಾದ ಗುಮುಕು ಆ ತೂತುಗಳಿಂದ ಸೋರಿಹೋಗುತ್ತದೆ. ಕೋಣೆಯಲ್ಲಿ ಸ್ಪೀಕರ್ ಹಚ್ಚಿದರೆ ಗುಮುಕು ಅದೇ ತೂತಿನಿಂದ ನೇರ ಒಳಗೆ ಬರುತ್ತದೆ, ಅಂಚಿನ ನಾದವನ್ನು ಯಂತ್ರ ತುಂಬಿಕೊಡುತ್ತದೆ. ಯಂತ್ರದ ಸದ್ದು ಕೆಲವು ಮಿಲಿಸೆಕೆಂಡ್ ತಡವಾಗಿ ಬರುವುದರಿಂದ ಎರಡೂ ಬೆರೆತಾಗ ಮಧ್ಯದ ಸ್ವರಗಳಿಗೆ ಒಂದು ಬಗೆಯ ಪೊಳ್ಳುತನ ಇತ್ತು. ಮೂರು ವಾರದಲ್ಲಿ ಅದು ಅಭ್ಯಾಸವಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾತ್ರ ಬ್ಲೂಟೂತ್. ಎರಡು ಕಿವಿ ಒಂದೇ ಸಮ ಇಲ್ಲದವರು ಮೊಬೈಲಿನ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೊ ಎಂಬುದನ್ನು ಹುಡುಕಿ ಹಾಕಿಕೊಳ್ಳಿ. ಇಲ್ಲದಿದ್ದರೆ ಎಡಕ್ಕೆ ಕೂರಿಸಿದ ವಾದ್ಯ ಎಡಗಿವಿಯ ಜೊತೆಗೇ ಹೋಗುತ್ತದೆ.

ಸ್ಪೀಕರ್ ದುಬಾರಿಯದು ಬೇಡ. ನನ್ನದು ಹಳೆಯ ಆಂಪ್ಲಿಫೈಯರ್, ಮೊಳದೆತ್ತರದ ಎರಡು ಡಬ್ಬಿಗಳು. ಖರ್ಚು ಮಾಡಿದ್ದು ಕೋಣೆಗೆ. ಚಿರೆಕಲ್ಲಿನ ಗೋಡೆಗೆ ಗಾರೆ ಬಳಿದ ಕೋಣೆ, ಸದ್ದು ಪುಟಿಯುತ್ತಿತ್ತು. ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ದಪ್ಪನೆಯ ಕೌದಿಯೊಂದನ್ನು ತಂದು ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿದೆ. ಬಣ್ಣ ಬಣ್ಣದ ತುಂಡುಗಳ ಆ ಕೌದಿ ಕೋಣೆಗೂ ಚೆಲುವು ತಂದಿತು. ಸ್ಪೀಕರಿನಿಂದ ಐದು ಅಡಿ ದೂರದಲ್ಲಿ ಕುರ್ಚಿ. ತಾನಿನಲ್ಲಿ ದನಿ ಒಡೆದಂತೆ ಕೇಳಿದರೆ ಸ್ಪೀಕರ್ ತಗ್ಗಿಸಿ, ಸಾಧನದ ದನಿ ಏರಿಸಿ. ಅದಲುಬದಲು ಮಾಡಬೇಡಿ, ಸಾಧನದ ಮೈಕಿಗೆ ಒಳಗೆ ಬರುವ ಸದ್ದೇ ಮಿತಿ ಮೀರಿದರೆ ಮುಂದೆ ಯಾವ ಹೊಂದಾಣಿಕೆಯೂ ಅದನ್ನು ಸರಿಪಡಿಸಲಾರದು.

ಕರಾವಳಿಯವರಿಗೆ ಮಳೆಗಾಲದ ಮಾತು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಜೊತೆಗೆ ಉಪ್ಪುಗಾಳಿ. ಜುಲೈ ತಿಂಗಳಿನಲ್ಲಿ ಬಲಗಿವಿಯದು ಎರಡು ಸಲ ಮೌನವಾಯಿತು, ಎರಡೂ ಸಲ ಒಣಗಿಸಿದ ಮೇಲೆ ಮಾತಾಡಿತು. ಪ್ರತಿ ರಾತ್ರಿ ಸಿಲಿಕಾ ಹರಳಿನ ಡಬ್ಬಿಯಲ್ಲಿ ಇಡಲೇಬೇಕು. ಬ್ಯಾಟರಿಯನ್ನು ತೆಗೆದು ಹೊರಗಿಡಿ. ಇದರ ಸತು-ಗಾಳಿ ಬ್ಯಾಟರಿ ಉಸಿರಾಡುವ ವಸ್ತು, ಅತಿ ಒಣ ಡಬ್ಬಿಯಲ್ಲಿ ಅದೂ ಒಣಗುತ್ತದೆ. ಕಿತ್ತಳೆ ಪಟ್ಟಿಯ 13ನೇ ಅಳತೆಯದು ನನಗೆ ಹತ್ತು ದಿನ ಬರುತ್ತದೆ.

ಆಕ್ಷೇಪಗಳೂ ಇವೆ. ಬೆಳಿಗ್ಗೆ ಚಾಲು ಮಾಡಿದಾಗಲೆಲ್ಲ ಸಾಧನ ಮಾತಿನ ಪ್ರೋಗ್ರಾಮಿಗೇ ಮರಳುತ್ತದೆ, ಮೂರು ಸಲ ಗುಂಡಿ ಒತ್ತಬೇಕು. ಹಂಚಿನ ಮೇಲೆ ಮಳೆ ಹೊಯ್ಯುವಾಗ ಸಂಗೀತದ ಪ್ರೋಗ್ರಾಂ ಮಳೆಯನ್ನೂ ಅಷ್ಟೇ ನಿಷ್ಠೆಯಿಂದ ಕೇಳಿಸುತ್ತದೆ. ಭಜನೆಯ ತಾಳದ ಝಲ್ ನನಗೆ ಇನ್ನೂ ಬರಿಯ ‘ಟಕ್’. 4,000ದ ಗುಂಡಿಯಲ್ಲಿ ಸತ್ತ ಜೀವಕೋಶಗಳನ್ನು ಯಾವ ಯಂತ್ರವೂ ಬದುಕಿಸುವುದಿಲ್ಲ, ಇದನ್ನು ತಜ್ಞೆ ಮೊದಲ ದಿನವೇ ನೇರವಾಗಿ ಹೇಳಿದ್ದರು.

ಸಾಧನದ ಹೆಸರನ್ನು ನಾನು ಬರೆಯದಿರುವುದಕ್ಕೆ ಕಾರಣ ಇದೆ. ದೊಡ್ಡ ಕಂಪನಿಗಳ ಮಧ್ಯಮ ದರದ ಸಾಧನಗಳಲ್ಲಿ ಸಂಗೀತಕ್ಕೆಂದು ಒಂದು ಪ್ರೋಗ್ರಾಮಿನ ಜಾಗ ಇದ್ದೇ ಇರುತ್ತದೆ. ನನ್ನದರಲ್ಲೂ ಮೊದಲ ದಿನದಿಂದಲೇ ಇತ್ತು, ಯಾರೂ ತೆರೆದಿರಲಿಲ್ಲ. ಹೊಸದು ಕೊಳ್ಳುವ ಮೊದಲು ನಿಮ್ಮ ಬಳಿ ಇರುವುದನ್ನೇ, ನೀವು ಬಾಯಿಪಾಠವಾಗಿ ಬಲ್ಲ ಒಂದು ಧ್ವನಿಮುದ್ರಿಕೆಯ ಸಮೇತ, ಕೂತು ಕೇಳುವ ತಾಳ್ಮೆಯಿರುವ ತಜ್ಞರ ಮುಂದೆ ಇಡಿ. ಆ ಮೂರು ಭೇಟಿಗೆ ನಾನು ಕೊಟ್ಟದ್ದು ಒಟ್ಟು 2,400 ರೂಪಾಯಿ ಮತ್ತು ಬಸ್ ಚಾರ್ಜು.

ದೀಪಾವಳಿ ಕಳೆದ ಮೇಲೆ ನಾಲ್ಕನೆಯ ಸಲ ಹೋಗುತ್ತಿದ್ದೇನೆ. ರಬ್ಬರ್ ಟೋಪಿಯ ಬದಲು ಎಡಗಿವಿಯ ಆಕಾರಕ್ಕೇ ಅಚ್ಚು ತೆಗೆಸಿ ನೋಡೋಣ ಎಂದಿದ್ದಾರೆ. ಈ ಸಲ ಮನ್ಸೂರರನ್ನು ಒಯ್ಯುತ್ತೇನೆ.