ಸಮೀಪ ಅವಕೆಂಪು ಎಲ್‌ಇಡಿಗೆ ಲೆಡ್ ಸಲ್ಫೈಡ್ ನ್ಯಾನೊಕ್ರಿಸ್ಟಲ್: ಬಾಟಲಿಯಲ್ಲಿ ಸೈ, ಪದರದಲ್ಲಿ?

900 ನ್ಯಾನೊಮೀಟರಿನಿಂದಾಚೆ ಬೆಳಗುವ ಎಲ್‌ಇಡಿ ಬೇಕಿದ್ದರೆ ಲೆಡ್ ಸಲ್ಫೈಡಿನ ನ್ಯಾನೊಕ್ರಿಸ್ಟಲನ್ನೇ (ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಕಣ) ಮೊದಲು ನೋಡಿ. ಬರೀ ತಿರುಳಲ್ಲ, ಅದರ ಸುತ್ತ ಕ್ಯಾಡ್ಮಿಯಂ ಸಲ್ಫೈಡ್ ಚಿಪ್ಪಿರುವುದನ್ನು.

ಬೇಕಾದ ತರಂಗಾಂತರಕ್ಕೆ ಹೊಂದಿಸಿಕೊಳ್ಳಲು ಬರುವುದೇ ಇದರ ದೊಡ್ಡ ಗುಣ. ಕಣ 3 ನ್ಯಾನೊಮೀಟರ್ ಇದ್ದರೆ ಬೆಳಕಿನ ಹೀರಿಕೆಯ ಶಿಖರ ಸುಮಾರು 925 ನ್ಯಾನೊಮೀಟರಿನಲ್ಲಿ, 4.5 ಇದ್ದರೆ 1280ರ ಆಸುಪಾಸಿನಲ್ಲಿ. ಲೆಡ್ ಆಕ್ಸೈಡನ್ನು ಓಲಿಯಿಕ್ ಆಮ್ಲ, ಆಕ್ಟಾಡೆಸೀನ್ ಜೊತೆ ನಿರ್ವಾತದಲ್ಲಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ, ದ್ರಾವಣ ತಿಳಿಯಾದ ಮೇಲೆ ನೈಟ್ರೋಜನ್ ಅಡಿಯಲ್ಲಿ ಗಂಧಕದ ಸಿಲೈಲ್ ಸಂಯುಕ್ತವನ್ನು (ಗಂಧಕಕ್ಕೆ ಸಿಲಿಕಾನ್ ಗುಂಪು ಅಂಟಿದ್ದು) ಒಮ್ಮೆಲೇ ಚುಚ್ಚಬೇಕು. ನಿಧಾನವಾಗಿ ಸುರಿದರೆ ಕಣಗಳ ಗಾತ್ರ ಚದುರಿ ಶಿಖರ ಅಗಲವಾಗುತ್ತದೆ. ಈ ಸಂಯುಕ್ತಕ್ಕೆ ತೇವ ತಗುಲಿದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಫ್ಯೂಮ್ ಹುಡ್ (ವಿಷಗಾಳಿ ಹೀರಿ ಹೊರಹಾಕುವ ಕಪಾಟು) ಇಲ್ಲದೆ ಮುಟ್ಟಲೇಬೇಡಿ.

ಕ್ಯಾಡ್ಮಿಯಂ ಓಲಿಯೇಟ್ ಸೇರಿಸಿದಾಗ ಚಿಪ್ಪು ಹೊರಗಿನಿಂದ ಬಂದು ಕೂರುವುದಿಲ್ಲ, ತಿರುಳಿನ ಸೀಸವನ್ನೇ ಹೊರದೂಡಿ ಒಳಮುಖವಾಗಿ ಬೆಳೆಯುತ್ತದೆ. ತಿರುಳು ಕಿರಿದಾಗಿ ಬೆಳಕು ಗಿಡ್ಡ ತರಂಗಕ್ಕೆ ಸರಿಯುತ್ತದೆ. ಆದ್ದರಿಂದ ಗುರಿಗಿಂತ ದೊಡ್ಡ ತಿರುಳಿನಿಂದಲೇ ಶುರು ಮಾಡಬೇಕು. ಚಿಪ್ಪು ದಪ್ಪವಾದರೆ ವಿದ್ಯುದಾವೇಶ ಒಳಹೋಗಲು ತಿಣುಕುತ್ತದೆ.

ಇನ್ನು ದೌರ್ಬಲ್ಯ. ದ್ರಾವಣದಲ್ಲಿ ಚೆನ್ನಾಗಿ ಬೆಳಗಿದ ಸರಕು ಪದರವಾದೊಡನೆ ಮಂಕಾಗುತ್ತದೆ. ಕಣದ ಮೈಗೆ ಅಂಟಿದ ಉದ್ದನೆಯ ಓಲಿಯೇಟ್ ಬಾಲಗಳನ್ನು ಹಾಗೇ ಉಳಿಸಿದರೆ ಕರೆಂಟ್ ಹರಿಯದು. ತೆಗೆದು ಗಿಡ್ಡ ಲಿಗ್ಯಾಂಡ್ (ಮೈಗೆ ಅಂಟುವ ಅಣು) ಹಾಕಿದರೆ ಕಣಗಳು ಒತ್ತೊತ್ತಾಗಿ, ಶಕ್ತಿ ಒಂದರಿಂದೊಂದಕ್ಕೆ ಜಿಗಿಯುತ್ತಾ ಯಾವುದೋ ದೋಷವಿರುವ ಕಣದಲ್ಲಿ ಶಾಖವಾಗಿ ಮುಗಿಯುತ್ತದೆ. ಬೆಳಗುವ ಕಣಗಳನ್ನು ಅಗಲ ಬ್ಯಾಂಡ್‌ಗ್ಯಾಪಿನ (ಎಲೆಕ್ಟ್ರಾನ್ ಮೇಲೇರಲು ದಾಟಬೇಕಾದ ಶಕ್ತಿಯ ಅಂತರ) ಸಣ್ಣ ಕಣಗಳ ನಡುವೆ ವಿರಳವಾಗಿ ಬೆರೆಸುವುದು ಇದಕ್ಕಿರುವ ಒಳ್ಳೆಯ ಮದ್ದು. ಕೊಳ್ಳುವಾಗ ಪದರದ ದಕ್ಷತೆಯನ್ನೇ (ಹೀರಿದ ಬೆಳಕಿನಲ್ಲಿ ಮರಳಿ ಹೊರಸೂಸುವ ಪಾಲು) ಕೇಳಿ.

ದ್ರಾವಣದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕಣಗಳ ದಕ್ಷತೆ ಅಳೆಯಲು ಹೋಲಿಕೆಗೆ ಬಳಸುವ ಐಆರ್-26 ಬಣ್ಣದ್ರವ್ಯದ ದಕ್ಷತೆ 0.5% ಎಂದು ಬಹುಕಾಲ ಹಿಡಿದಿದ್ದರು. 2010ರ ಮರುಅಳತೆಯಲ್ಲಿ ಅದು ಸುಮಾರು 0.05%ಕ್ಕೆ ಇಳಿಯಿತು. ಹಳೆಯ ಲೆಕ್ಕದಲ್ಲಿ ಹತ್ತುಪಟ್ಟು ಉಬ್ಬರ! ಇಂಟಿಗ್ರೇಟಿಂಗ್ ಸ್ಫಿಯರ್ (ಹೊರಬಂದ ಬೆಳಕನ್ನೆಲ್ಲ ಕೂಡಿಸುವ ಗೋಳ) ಅಳತೆಯಿದ್ದರೆ ವಾಸಿ. 1100 ನ್ಯಾನೊಮೀಟರ್ ದಾಟಿದ ಮೇಲೆ ಸಿಲಿಕಾನ್ ಡಿಟೆಕ್ಟರ್ ಕುರುಡು, ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಬೇಕು.

800ರ ಆಸುಪಾಸು ಸಾಕೆನ್ನುವವರು ಇಷ್ಟು ಪಾಡು ಪಡಬೇಕಿಲ್ಲ. ಫಾರ್ಮಮಿಡಿನಿಯಂ ಲೆಡ್ ಅಯೊಡೈಡ್ ಪೆರೊವ್‌ಸ್ಕೈಟ್ (ಒಂದು ಬಗೆಯ ಹರಳುರಚನೆ) ಪದರದ ಎಲ್‌ಇಡಿಗಳು 2018ರಲ್ಲೇ 20% ಬಾಹ್ಯ ದಕ್ಷತೆ (ಒಳಹೋದ ಎಲೆಕ್ಟ್ರಾನ್‌ಗಳಿಗೆ ಹೊರಬರುವ ಫೋಟಾನ್‌ಗಳ ಪಾಲು) ದಾಟಿವೆ. ಅದಕ್ಕೂ ಅದರದೇ ಕಾಟವಿದೆ: ಕಪ್ಪು ರೂಪ ತೇವಕ್ಕೆ ಹಳದಿಗೆ ತಿರುಗಿ ಬೆಳಕು ನಿಲ್ಲುತ್ತದೆ, ಬರಿಯ ಜಿಂಕ್ ಆಕ್ಸೈಡ್ ಮೇಲೆ ಕೂರಿಸಿದರೆ ಕೆಡುತ್ತದೆ. ನಡುವೆ ಪಿಇಐಇ ಎಂಬ ಪಾಲಿಮರಿನ ತೆಳುಪದರ ಹಾಕಲೇಬೇಕು.