ಹೊಸ ಐ3 ಬಿಟ್ಟು ಹಳೆಯ ಥಿಂಕ್‌ಪ್ಯಾಡ್ ಟಿ480 ತಗೊಂಡೆ

ನನ್ನ ಕೆಲಸ ಪುಸ್ತಕಗಳ ಡಿಟಿಪಿ, ಜೊತೆಗೆ ಕರಡು ತಿದ್ದುವುದು. ದಿನವಿಡೀ ಟೈಪಿಂಗೇ. ಹಳೆ ಲ್ಯಾಪ್‌ಟಾಪ್ ಕೈಕೊಟ್ಟಾಗ ನನ್ನ ಬಜೆಟ್ಟಿಗೆ ಎರಡು ಸಿಕ್ಕವು. ಒಂದು ಹೊಚ್ಚ ಹೊಸದು: ಇಂಟೆಲ್ ಕೋರ್ ಐ3-1215ಯು ಪ್ರೊಸೆಸರ್, 8 ಜಿಬಿ ರ‍್ಯಾಮ್. ಇನ್ನೊಂದು ಸೆಕೆಂಡ್ ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್, ಐ5-8350ಯು, 16 ಜಿಬಿ. ನಾನು ಟಿ480 ತಗೊಂಡೆ. ಇವತ್ತು ಕೇಳಿದರೂ ಅದನ್ನೇ ತಗೋತೀನಿ.

ಸ್ಪೀಡ್‌ನಲ್ಲಿ ಹೊಸ ಐ3ಯೇ ಮುಂದು, ಅದರಲ್ಲಿ ಅನುಮಾನ ಇಲ್ಲ. ಐ5 ಅನ್ನೋ ಸ್ಟಿಕ್ಕರ್ ನೋಡಿ ಸುಮ್ನೆ ಮರುಳಾಗಬೇಡಿ, ಯಾವ ಜನರೇಶನ್ (ಪ್ರೊಸೆಸರಿನ ತಲೆಮಾರು) ಅಂತ ಕೇಳಿ. ಈ ಐ5 8ನೆಯದು, ಆ ಐ3 12ನೆಯದು. ಎವಿ1 ಅನ್ನೋ ಹೊಸ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ ಬಿಡಿಸುವ ಹಾರ್ಡ್‌ವೇರ್ ಕೂಡ ಹೊಸದರಲ್ಲಿದೆ, ಟಿ480ಯಲ್ಲಿ ಇಲ್ಲ. ಅಂಥ ವಿಡಿಯೊ ಹಾಕಿದರೆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಆದರೆ ನನಗೆ ಬೇಕಿದ್ದದ್ದು ಕೀಬೋರ್ಡ್. ಕನ್ನಡದ ನುಡಿ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಒತ್ತಬೇಕು. 'ಅಕ್ಕ' ಬರೆಯಲು ಒಂದು ಸಲ, 'ಸ್ತ್ರೀ' ಬರೆಯಲು ಎರಡು ಸಲ. ಒಂದು ಪುಟದಲ್ಲಿ ಆ ಕೀಗೆ ಎಷ್ಟು ಏಟು ಬೀಳುತ್ತದೆ ನೋಡಿ! ಹೊಸದರಲ್ಲಿ ಟೈಪ್ ಮಾಡಿ ನೋಡಿದೆ. ಸ್ವಲ್ಪ ಜೋರಾಗಿ ಒತ್ತಿದರೆ ಕೀಬೋರ್ಡಿನ ನಡುಭಾಗ ಬಗ್ಗುತ್ತಿತ್ತು. ವೇಗ ಹಿಡಿದಾಗ ಒತ್ತು ಬೀಳದೆ 'ಅಕಕ' ಆಗುತ್ತಿತ್ತು. ಟಿ480ಯಲ್ಲಿ ಕೀ ಆಳಕ್ಕೆ ಇಳಿಯುತ್ತದೆ, ಬಿದ್ದದ್ದು ಬೆರಳಿಗೇ ಗೊತ್ತಾಗುತ್ತದೆ. ಪರದೆ ನೋಡದೆ ಹಸ್ತಪ್ರತಿ ಮೇಲೆ ಕಣ್ಣಿಟ್ಟು ಟೈಪ್ ಮಾಡುವವರಿಗೆ ಇದು ದೊಡ್ಡ ಭಾಗ್ಯ.

ರ‍್ಯಾಮ್ ಕೂಡ ಹಾಗೇ. ಆ ಹೊಸದರಲ್ಲಿ 8 ಜಿಬಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು, ಬೇರೆ ಸ್ಲಾಟ್ ಇಲ್ಲ. ಕೊನೆತನಕ ಅಷ್ಟರಲ್ಲೇ ಕಾಲ ಹಾಕಬೇಕು. ಟಿ480ಯಲ್ಲಿ ಎರಡು ಸ್ಲಾಟ್ ಇವೆ, ಬೇಕಾದಾಗ ಜಾಸ್ತಿ ಮಾಡಬಹುದು. ಬ್ಯಾಟರಿಯೂ ಎರಡು. ಒಂದು ಒಳಗೆ, ಒಂದು ಹಿಂದೆ. ಹಿಂದಿನದನ್ನು ಲ್ಯಾಪ್‌ಟಾಪ್ ಆನ್ ಇರುವಾಗಲೇ ಕಳಚಿ ಇನ್ನೊಂದನ್ನು ಹಾಕಬಹುದು.

ಹಳೆಯದು ಅಂದರೆ ಎಷ್ಟು ಹಳೆಯದು? ವಿಂಡೋಸ್ ಬಳಸುವವರು ಇಂಟೆಲ್ 8ನೇ ಜನರೇಶನ್‌ಗಿಂತ ಹಿಂದೆ ಹೋಗಬಾರದು ಅಂತ ನಾನು ಹೇಳುತ್ತೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 7ನೇ ಜನರೇಶನ್‌ನ ಬೆರಳೆಣಿಕೆಯ ಚಿಪ್‌ಗಳನ್ನು ಬಿಟ್ಟರೆ 8ರಿಂದಲೇ ಶುರು. ನೋಡಲು ಹೆಚ್ಚುಕಮ್ಮಿ ಹೀಗೇ ಇದ್ದರೂ 6 ಇಲ್ಲವೇ 7ನೇ ಜನರೇಶನ್ ಚಿಪ್ ಇರುವ ಟಿ470 ಅಗ್ಗಕ್ಕೆ ಸಿಗುವುದು ಅದಕ್ಕೇ. ಲಿನಕ್ಸ್ ಹಾಕುವವರಿಗೆ ಈ ಮಾತು ಬೇಡ.

ದುಡ್ಡು ಕೊಡುವ ಮೊದಲು ಪರದೆಯ ರೆಸಲ್ಯೂಶನ್ ನೋಡಿ. ಟಿ480 1366×768 ಪರದೆಯಲ್ಲೂ ಬಂದಿತ್ತು. ಅದರಲ್ಲಿ ಕರಡು ನೋಡಿದರೆ ಕಣ್ಣು ಹೋಗುತ್ತದೆ, 1920×1080 ಇರುವುದನ್ನೇ ತಗೊಳ್ಳಿ. ಆಮೇಲೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿ ಎಷ್ಟು, ಈಗಿನ ಫುಲ್ ಚಾರ್ಜ್ ಕೆಪಾಸಿಟಿ ಎಷ್ಟು ಅಂತ ಹೋಲಿಸಿ. ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಹೊಸ ಬ್ಯಾಟರಿಯ ಖರ್ಚು ಸೇರಿಸಿಯೇ ಲೆಕ್ಕ ಹಾಕಿ. ಚಾರ್ಜ್ ಆಗುವುದು ಯುಎಸ್‌ಬಿ-ಸಿಯಲ್ಲಿ. ಆ ಪೋರ್ಟ್ ಮದರ್‌ಬೋರ್ಡಿಗೇ ಕೂಡಿರುತ್ತದೆ, ಕೇಬಲ್ ಸಡಿಲ ಅನ್ನಿಸಿದರೆ ಬಿಟ್ಟುಬಿಡಿ.

ಕಾಲೇಜಿಗೆ ದಿನಾ ಹೊತ್ತುಕೊಂಡು ಹೋಗಿ, ಪ್ಲಗ್ ಸಿಗದ ಕಡೆ ಕೂತು ವಿಡಿಯೊ ಪಾಠ ಕೇಳುವವರಿಗೆ ನಾನೂ ಹೊಸದನ್ನೇ ಹೇಳುತ್ತೇನೆ. ವಾರಂಟಿಯೂ ಇರುತ್ತದೆ ಅಲ್ವಾ? ಕೂತಲ್ಲೇ ಕೂತು ಅಕ್ಷರ ಕುಟ್ಟುವವರು ಮಾತ್ರ ಒಮ್ಮೆ ಟಿ480 ಮೇಲೆ ಒಂದು ಪ್ಯಾರಾ ಟೈಪ್ ಮಾಡಿ ನೋಡಿ.