ಎಸ್‌ಟಿಪಿ ನೀರಿನ ಡ್ರಿಪ್‌ಗೆ ಯಾವ ಫಿಲ್ಟರ್? ನನ್ನ ಓಟು ಮರಳಿಗೆ

ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ, ಸಂಸ್ಕರಿಸಿದ ನೀರನ್ನು ಡ್ರಿಪ್‌ಗೆ ಬಿಡುವವರು, ಕೈಯಲ್ಲಿ ದುಡ್ಡಿದ್ದರೆ, ಮರಳಿನ ಫಿಲ್ಟರನ್ನೇ ಹಾಕಿಸಿ. ದಾವಣಗೆರೆ ಪಕ್ಕದ ನಮ್ಮ ಅಡಿಕೆ ತೋಟ ಇರುವುದು ಭದ್ರಾ ನಾಲೆಯ ಕೊನೇ ಭಾಗದಲ್ಲಿ. ಬೇಸಿಗೆಯಲ್ಲಿ ನಾಲೆ ನೀರು ನಮ್ಮವರೆಗೆ ಮುಟ್ಟುವುದೇ ಕಷ್ಟ, ಬೋರೂ ಸೊರಗುತ್ತದೆ. ಹತ್ತಿರದ ಲೇಔಟಿನ ಎಸ್‌ಟಿಪಿ ನೀರನ್ನು ಕೃಷಿ ಹೊಂಡಕ್ಕೆ ತುಂಬಿಸಿಕೊಂಡೇ ಗಿಡ ಉಳಿಸಿಕೊಂಡಿದ್ದೇವೆ.

ಡ್ರಿಪ್ ಜೊತೆ ಬಂದ ಸ್ಕ್ರೀನ್ (ಜರಡಿ) ಫಿಲ್ಟರ್ ಬೋರಿನ ನೀರಿಗೆ ಸಾಕು, ಇದಕ್ಕಲ್ಲ. ಈ ನೀರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಬಿಸಿಲು ಬಿದ್ದರೆ ಹೊಂಡದ ತುಂಬ ಪಾಚಿ. ಪಾಚಿ ಮೆತ್ತಗಿರುವುದರಿಂದ ಪಂಪಿನ ಒತ್ತಡಕ್ಕೆ ಜರಡಿಯ ಕಣ್ಣಲ್ಲೇ ನುಸುಳಿಬಿಡುತ್ತದೆ. ಗಿಡದ ಸಾಲಿಗೆ ಎಳೆದ ಸಣ್ಣ ಪೈಪಿನ (ಲ್ಯಾಟರಲ್) ತುದಿ ಬಿಚ್ಚಿದರೆ ಕಪ್ಪು ಲೋಳೆ ಸುರಿಯುತ್ತದೆ.

ಗೀರುಗಳಿರುವ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿದ ಡಿಸ್ಕ್ ಫಿಲ್ಟರ್ ಕಸ ಹಿಡಿಯುವುದರಲ್ಲಿ ಚೆನ್ನಾಗಿದೆ. ತೊಳೆಯುವುದೇ ಗೋಳು.

ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ. ನೀರು ಓಡುತ್ತಿರುವಾಗಲೇ ಒತ್ತಡ ಬೀಳುತ್ತದೆ. ಮೋಟರ್ ನಿಲ್ಲಿಸಿ, ಕ್ಲ್ಯಾಂಪ್ ಬಿಚ್ಚಿ, ಬಿಲ್ಲೆಗಳನ್ನು ಸಡಿಲಿಸಿ ಬ್ಯಾಟರಿ ಬೆಳಕಲ್ಲಿ ತಿಕ್ಕಬೇಕು. ಗೀರುಗಳೊಳಗೆ ಕೂತ ಲೋಳೆ ಬರೀ ನೀರಿಗೆ ಬಿಡುವುದಿಲ್ಲ, ಒಂದೊಂದು ಬಿಲ್ಲೆಗೂ ಬ್ರಷ್ ಬೇಕು. ಕೊಳಚೆ ನೀರಾದ್ದರಿಂದ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಇಷ್ಟು ಮುಗಿಸುವಷ್ಟರಲ್ಲಿ ಕರೆಂಟೇ ಹೋಗಿರುತ್ತದೆ, ಕೆಳಗಿನ ಸಾಲುಗಳು ಒಣಗಿಯೇ ಉಳಿಯುತ್ತವೆ.

ಮರಳಿನ ಫಿಲ್ಟರಿನಲ್ಲಿ ಬಿಚ್ಚುವ ಕೆಲಸವೇ ಇಲ್ಲ. ನೀರು ಒಳಹೋಗುವಲ್ಲೂ ಹೊರಬರುವಲ್ಲೂ ಇರುವ ಒತ್ತಡದ ಗೇಜುಗಳ ವ್ಯತ್ಯಾಸ ಚದರ ಸೆಂ.ಮೀ.ಗೆ ಅರ್ಧ ಕೆಜಿ ಮುಟ್ಟಿದರೆ ವಾಲ್ವ್ ತಿರುಗಿಸಿ ನೀರನ್ನು ಹಿಮ್ಮುಖ ಬಿಡುತ್ತೇನೆ. ಮೊದಲು ಹಸಿರುಗಪ್ಪು ನೀರು, ಆಮೇಲೆ ತಿಳಿಯಾಗುತ್ತದೆ. ಜೋರಾಗಿ ಬಿಟ್ಟರೆ ಮರಳೇ ಹೊರಗೆ ಬರುತ್ತದೆ, ಅದಕ್ಕೆ ವಾಲ್ವ್ ನಿಧಾನ ತೆರೆಯಿರಿ. ಹೊಳೆ ಮರಳಿನ ದುಂಡು ಕಣ ಬೇಡ, ಚೂಪು ಅಂಚಿನ ಸಿಲಿಕಾ ಮರಳೇ ಇರಲಿ. ತಪ್ಪಿಸಿಕೊಂಡ ಕಣ ಹಿಡಿಯಲು ಹಳೇ ಸ್ಕ್ರೀನ್ ಫಿಲ್ಟರನ್ನು ಇದರ ನಂತರ ಕೂರಿಸಿದ್ದೇನೆ.

ಬೆಲೆ? ಡಿಸ್ಕ್‌ಗಿಂತ ಬಹಳ ಜಾಸ್ತಿ.

ಮೂರರಲ್ಲಿ ಯಾವುದೂ ರೋಗಾಣುವನ್ನಾಗಲಿ ಕರಗಿದ ಉಪ್ಪನ್ನಾಗಲಿ ತೆಗೆಯುವುದಿಲ್ಲ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗೆ ಈ ನೀರನ್ನು ನಾನು ಬಿಡುವುದಿಲ್ಲ. ಗೊಬ್ಬರದ ಲೆಕ್ಕವನ್ನಂತೂ ಬದಲಿಸಲೇಬೇಕು: ಲೀಟರಿಗೆ 20 ಮಿಲಿಗ್ರಾಂ ಸಾರಜನಕವಿದ್ದರೆ ಒಂದು ಲಕ್ಷ ಲೀಟರಿನಲ್ಲಿ 2 ಕೆಜಿ, ಅಂದರೆ ನಾಲ್ಕು ಕೆಜಿಗೂ ಹೆಚ್ಚು ಯೂರಿಯಾ ಹಾಕಿದ ಹಾಗೆ.

ಹಗಲು ತೋಟದಲ್ಲೇ ಇರುವವರು, ಸಣ್ಣ ಜಮೀನಿನವರು ಡಿಸ್ಕ್‌ನಲ್ಲಿ ನಿಭಾಯಿಸಬಹುದು. ರಾತ್ರಿ ಕರೆಂಟಿಗೆ ಮೋಟರ್ ಹಾಕಿ ಮಲಗುವ ನನ್ನಂಥವರು ಒಂದು ಬೆಳೆ ಕಾದಾದರೂ ಮರಳಿನದ್ದನ್ನೇ ಕೊಳ್ಳಿ.